ನೀವು ಇಲ್ಲಿದ್ದೀರಿ

ಮಾದಾಪುರದಲ್ಲಿ ಯಾರನ್ನೂ ದಾರಿ ಕೇಳಬೇಡಿ. ಹೇಳುವುದಿಲ್ಲ ಅಂತಲ್ಲ, ವಿಪರೀತ ಹೇಳುತ್ತೇವೆ. ಮಡಿಕೇರಿ, ಸೋಮವಾರಪೇಟೆ, ಸುಂಟಿಕೊಪ್ಪ ಎಲ್ಲ ಕಡೆಯ ರಸ್ತೆಗಳೂ ಬಂದು ಸೇರುವ ಊರಾದ್ದರಿಂದ ದಾರಿ ಕೇಳುವವರಿಗೆ ಬರವಿಲ್ಲ, ಹೇಳುವವರಿಗಂತೂ ಇಲ್ಲವೇ ಇಲ್ಲ. "ಆ ತಿರುವಿನಲ್ಲಿ ಒಂದು ದೊಡ್ಡ ಹಲಸಿನ ಮರ ಇತ್ತು, ಈಗಿಲ್ಲ, ಅಲ್ಲಿ ಎಡಕ್ಕೆ" ಎಂದು ಶುರುವಾದರೆ ಆ ಮರ ಬಿದ್ದ ಮಳೆಗಾಲ, ಅದರಡಿಗೆ ಸಿಕ್ಕಿಕೊಂಡ ಜೀಪು, ಜೀಪಿನ ಯಜಮಾನರ ಮಗಳ ಮದುವೆಯ ಊಟ ಎಲ್ಲವೂ ಬರುತ್ತವೆ. ಎಷ್ಟು ದೂರ ಎಂದು ಕೇಳಿದರೆ ಮಾತ್ರ ಉತ್ತರ ಚಿಕ್ಕದು: "ಇಲ್ಲೇ." ಹೇಳುವವರು ದಿನಾ ಗುಡ್ಡ ಹತ್ತಿ ಇಳಿಯುವ ಜನ. ಕೇಳಿದವರ ಮಂಡಿಯ ವಿಚಾರ ಅವರು ಯಾಕೆ ತಲೆಗೆ ಹಚ್ಚಿಕೊಳ್ಳುತ್ತಾರೆ?

ಮಂಡಿಯ ವಿಚಾರ ನನ್ನ ತಲೆಗೆ ಹತ್ತಿದ್ದು ಒಂದು ಮಳೆಗಾಲದಲ್ಲಿ, ತೋಟದ ಚರಂಡಿ ದಾಟುವಾಗ. ಗಂಬೂಟು ಆಚೆ ದಂಡೆಯಲ್ಲಿ ಉಳಿಯಿತು, ನಾನು ಈಚೆ. ಮನೆಯವಳು ಬಿಸಿ ಎಣ್ಣೆ ಹಚ್ಚುತ್ತಾ, "ಈ ವಾರ ಗೊಬ್ಬರ ಹಾಕಿಸುವ ಕೆಲಸ ಇತ್ತಲ್ಲ" ಎಂದಳು. ಅದರಲ್ಲಿ ಅನುಕಂಪಕ್ಕಿಂತ ಅನುಮಾನವೇ ಹೆಚ್ಚಿತ್ತು. ಅದೇ ವಾರ ತಂಗಿಯ ಮಗಳನ್ನು ಎಂ.ಎ.ಗೆ ಸೇರಿಸಲು ಜೊತೆಗೆ ಹೋಗುತ್ತೇನೆಂದು ಮಾತು ಕೊಟ್ಟಿದ್ದೆ. ಹೋದೆ, ಊರುಗೋಲು ಸಮೇತ. ಯಾವ ವಿಶ್ವವಿದ್ಯಾನಿಲಯವೆಂದು ಹೇಳುವುದಿಲ್ಲ. ಹುಡುಗಿ ಇನ್ನೂ ಅಲ್ಲೇ ಓದುತ್ತಿದ್ದಾಳೆ.

ಗೇಟು ದಾಟಿದ ಕೂಡಲೇ ಒಂದು ದೊಡ್ಡ ನಕ್ಷೆಯ ಫಲಕ. ಅದನ್ನು ಓದಬೇಕಾದರೆ ಮೂರು ಮೆಟ್ಟಿಲು ಹತ್ತಬೇಕು, ಯಾಕೆಂದರೆ ಅಂದಕ್ಕೆಂದು ಅದನ್ನು ಹೂವಿನ ಕಟ್ಟೆಯ ಮೇಲೆ ನಿಲ್ಲಿಸಿದ್ದರು. ಹತ್ತಿದೆ. ಕುಲಪತಿಗಳ ನಿವಾಸ, ಅತಿಥಿಗೃಹ, ಬ್ಯಾಂಕು, ಪ್ರತಿಮೆ, ಕಾರಂಜಿ ಎಲ್ಲ ಬಣ್ಣಬಣ್ಣವಾಗಿ ಕಾಣುತ್ತಿದ್ದವು. ಶೌಚಾಲಯ ಇರಲಿಲ್ಲ. ಅಂದರೆ ನಕ್ಷೆಯಲ್ಲಿ ಇರಲಿಲ್ಲ. "ನೀವು ಇಲ್ಲಿದ್ದೀರಿ" ಎಂಬ ಅಕ್ಷರಗಳೇನೋ ಇದ್ದವು; ಆದರೆ ಬಂದವರೆಲ್ಲ ಆ ಕೆಂಪು ಚುಕ್ಕಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಅಳಿಸಿಬಿಟ್ಟಿದ್ದರು. ಹೀಗಾಗಿ ನಾವೆಲ್ಲಿದ್ದೇವೆ ಎಂಬುದು ತತ್ವಶಾಸ್ತ್ರ ವಿಭಾಗದವರು ಬಿಡಿಸಬೇಕಾದ ಪ್ರಶ್ನೆಯಾಗಿ ಉಳಿದಿತ್ತು. ಪ್ರವೇಶಾತಿ ವಿಭಾಗಕ್ಕೆ ನಕ್ಷೆಯಲ್ಲಿ ಒಂದು ನೆಟ್ಟಗಿನ ಗೆರೆ. ಹೋಗಿ ನೋಡಿದರೆ ಗೆರೆಯ ಅರ್ಧಭಾಗ ಕಲ್ಲು ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಕಟ್ಟಡದ ಹಿಂದೆ ರ್‍ಯಾಂಪ್ ಇದೆ ಎಂದು ಸೆಕ್ಯೂರಿಟಿಯವರು ಹೇಳಿದರು. ಇತ್ತು. ಅದರ ಮೇಲೆ ಸಿಬ್ಬಂದಿಯ ಬೈಕುಗಳು ವಿಶ್ರಮಿಸುತ್ತಿದ್ದವು.

"ಮಾವ, ನೀವು ಇಲ್ಲೇ ಕೂತಿರಿ, ನಾನು ಹೋಗಿ ಬರ್ತೇನೆ" ಎಂದಳು ಹುಡುಗಿ. ಪ್ರೀತಿಯಿಂದಲೇ ಹೇಳಿದ್ದು. ಕೂತೆ. ಕೂತಲ್ಲಿಗೆ ಬಂದವರೆಲ್ಲ "ಏನಾಯ್ತು ಕಾಲಿಗೆ?" ಎಂದು ವಿಚಾರಿಸಿದರು, ಗಂಬೂಟಿನ ಕಥೆ ಹೇಳಿ ಹೇಳಿ ಸಂಜೆಯ ಹೊತ್ತಿಗೆ ಅದಕ್ಕೊಂದು ಕಾಡಾನೆಯೂ ಸೇರಿಕೊಂಡಿತು. ನನ್ನ ಮಂಡಿ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಸರಿಹೋಯಿತು, ಬಿಡಿ. ಆದರೆ "ಇಲ್ಲೇ ಕೂತಿರಿ" ಎಂಬ ಪ್ರೀತಿಯ ಮಾತನ್ನು ಬಾಲ್ಯದಿಂದ ಕೇಳಿಕೊಂಡೇ ಬೆಳೆದು, ಹಾಗಿದ್ದೂ ಪದವಿ ಮುಗಿಸಿ, ಇಂಥದೊಂದು ಗೇಟಿನವರೆಗೆ ಬಂದ ಹುಡುಗ ಹುಡುಗಿಯರಿದ್ದಾರಲ್ಲ, ಅವರು ಏನು ಮಾಡಬೇಕು?

ನಮ್ಮ ವಿಶ್ವವಿದ್ಯಾನಿಲಯಗಳಿಗೆ ಎತ್ತರ ಮತ್ತು ವಿಸ್ತಾರ ಎರಡರ ಮೇಲೂ ಮೋಹ. ಮಾನಸಗಂಗೋತ್ರಿ ಏಳುನೂರು ಎಕರೆ ಮೀರುತ್ತದೆ; ಬೆಂಗಳೂರಿನ ಜ್ಞಾನಭಾರತಿ ಸಾವಿರವನ್ನೂ ದಾಟುತ್ತದೆ. ಮಂಗಳಗಂಗೋತ್ರಿ ಕೊಣಾಜೆಯ ಗುಡ್ಡದ ಮೇಲಿದೆ. ಮಾನಸಗಂಗೋತ್ರಿಗೆ ಆ ಹೆಸರಿಟ್ಟವರು ಕುವೆಂಪು, ಅದರ ಚೆಂದಕ್ಕೆ ಮಾರುಹೋಗಿ ಉಳಿದವರೂ ಹೇಮಗಂಗೋತ್ರಿ, ಶಿವಗಂಗೋತ್ರಿ ಎಂದು ಸಾಲು ಹಿಡಿದರು. ನಮ್ಮ ಕೊಡಗಿನದು ಚಿಕ್ಕ ಅಳುವಾರದ ಜ್ಞಾನ ಕಾವೇರಿ. ಎಲ್ಲಾ ನದಿಗಳೇ. ನದಿಗೇನು, ಮೇಲಿಂದ ಕೆಳಗೆ ಇಳಿದರಾಯಿತು. ಗಾಲಿಕುರ್ಚಿ ಕೆಳಗಿಂದ ಮೇಲಕ್ಕೂ ಹೋಗಬೇಕಲ್ಲ.

ಕಾನೂನು ಇಲ್ಲವೇ ಎಂದರೆ, ಧಾರಾಳವಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5 ಸೀಟು ಮೀಸಲಿಡಬೇಕು ಎಂದಿದೆ. 2022ರಲ್ಲಿ ಯುಜಿಸಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆಂದೇ ಸುಗಮ್ಯತೆಯ ಮಾರ್ಗಸೂಚಿಯನ್ನೂ ತಂದಿತು. ಆದರೆ ಮಾರ್ಗಸೂಚಿ ಎಂಬುದು ಮದುವೆ ಕಾಗದದಲ್ಲಿ "ಉಡುಗೊರೆ ತರಬೇಡಿ" ಎಂದು ಅಚ್ಚು ಹಾಕಿಸಿದ ಹಾಗೆ. ಓದಿದವರು ತಲೆದೂಗಿ ತಮಗೆ ತೋಚಿದ್ದನ್ನೇ ಮಾಡುತ್ತಾರೆ. ರಾಜೀವ್ ರಾತೂರಿ ಎಂಬ ದೃಷ್ಟಿಯ ತೊಂದರೆಯುಳ್ಳವರು 2005ರಲ್ಲಿ ಹೂಡಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಇದನ್ನೇ ಹೇಳಿತು: ಬರೀ ಸಲಹೆ ಸಾಲದು, ಕಡ್ಡಾಯ ನಿಯಮ ಬೇಕು.

ಕಡ್ಡಾಯವಿದ್ದರೂ ಲೆಕ್ಕ ಗೊತ್ತಿರಬೇಕು. ರ್‍ಯಾಂಪಿಗೆ ಒಂದಕ್ಕೆ ಹನ್ನೆರಡರ ಲೆಕ್ಕ: ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅರ್ಧರ್ಧ ಅಡಿಯ ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ ಬೇಕಾಯಿತು. ನಮ್ಮ ಗುತ್ತಿಗೆದಾರರು ಆ ಮೂರು ಮೆಟ್ಟಿಲಿನ ಮೇಲೇ ಸಿಮೆಂಟು ಸುರಿದು ನುಣ್ಣಗೆ ಮಾಡಿ ಬಿಲ್ಲು ತೆಗೆದುಕೊಳ್ಳುತ್ತಾರೆ. ಅದನ್ನು ಹತ್ತಲು ತೋಟದ ಫೋರ್‌ವೀಲ್ ಜೀಪೇ ಬೇಕು, ಅದೂ ಚೈನು ಕಟ್ಟಿಕೊಂಡು.

ಇಂಥ ರ್‍ಯಾಂಪನ್ನು ರ್‍ಯಾಂಪ್ ಎಂದು ಬರೆಯದ ನಕ್ಷೆ ಬೇಕು ಎಂಬುದು ನನ್ನ ವಾದ. ಬರ್ಲಿನ್ನಿನಲ್ಲಿ ಗಾಲಿಕುರ್ಚಿ ಬಳಸುವ ರೌಲ್ ಕ್ರೌತ್‌ಹೌಸೆನ್ ಎಂಬವರೂ ಅವರ ಗೆಳೆಯರೂ ಯಾವಾಗಲೂ ಒಂದೇ ಕೆಫೆಯಲ್ಲಿ ಸೇರುತ್ತಿದ್ದರಂತೆ, ಒಳಗೆ ಹೋಗಬಹುದು ಎಂದು ಖಾತ್ರಿಯಿದ್ದದ್ದು ಅದೊಂದೇ ಆದ್ದರಿಂದ. ಅದೇ ಕಾಫಿ ಕುಡಿದು ಬೇಜಾರಾಗಿ 2010ರಲ್ಲಿ ವೀಲ್‌ಮ್ಯಾಪ್ ಎಂಬ ನಕ್ಷೆ ಶುರುಮಾಡಿದರು. (ಕಾಫಿ ಬೆಳೆಗಾರನಾಗಿ ಅವರ ಬೇಜಾರನ್ನು ನಾನು ಕ್ಷಮಿಸಿದ್ದೇನೆ.) ಗಾಲಿಕುರ್ಚಿ ಸಲೀಸಾಗಿ ಹೋಗುವ ಜಾಗಕ್ಕೆ ಹಸಿರು, ಸ್ವಲ್ಪ ಮಟ್ಟಿಗೆ ಹೋಗುವಲ್ಲಿ ಕಿತ್ತಳೆ, ಹೋಗಲಾಗದ ಕಡೆ ಕೆಂಪು. ಯಾರು ಬೇಕಾದರೂ ಗುರುತು ಹಾಕಬಹುದು. ಅದಕ್ಕೆ ಆಧಾರವಾದ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಮೆಟ್ಟಿಲು ಎಷ್ಟು, ಏರು ಎಷ್ಟು, ನೆಲ ಡಾಂಬರೋ ಜಲ್ಲಿಯೋ ಎಂಬುದನ್ನೂ ಬರೆದಿಡಲು ಜಾಗವಿದೆ. ಕಾಸು ಬೇಡ.

ನನ್ನ ಗೆಳೆಯರೊಬ್ಬರು, ನಿವೃತ್ತ ಮೇಷ್ಟ್ರು, ಇದಕ್ಕೆ ತಕರಾರು ತೆಗೆದರು: "ಮೊದಲು ರ್‍ಯಾಂಪು ಕಟ್ಟಿಸಲಿ ಮಾರಾಯ್ರೇ, ಆಮೇಲೆ ನಕ್ಷೆ ಬರೆದರಾಯಿತು." ನಾನು ಒಪ್ಪುವುದಿಲ್ಲ. ಇಡೀ ಆವರಣ ಕೆಂಪು ಕೆಂಪಾಗಿ ಕಾಣುವ ನಕ್ಷೆಯನ್ನು ಆಡಳಿತ ಕಚೇರಿಯ ಗೋಡೆಗೆ ತೂಗುಹಾಕಿದರೆ ಅದಕ್ಕಿಂತ ದೊಡ್ಡ ಮನವಿಪತ್ರ ಯಾವುದಿದೆ? ಅಲ್ಲದೆ ಇದು ಗಾಲಿಕುರ್ಚಿಯವರಿಗೆ ಮಾತ್ರ ಬೇಕಾದದ್ದಲ್ಲ. ಕಣ್ಣು ಕಾಣದ ವಿದ್ಯಾರ್ಥಿಯ ಮೊಬೈಲು ಜಾಲತಾಣದ ಅಕ್ಷರಗಳನ್ನು ಓದಿ ಹೇಳುತ್ತದೆ, ಚಿತ್ರವಾಗಿ ಅಂಟಿಸಿದ ನಕ್ಷೆ ಅದಕ್ಕೆ ಅರ್ಥವಾಗದು. ದಾರಿಯನ್ನು ಮಾತಿನಲ್ಲೂ ಬರೆದಿಡಬೇಕು, ಗೇಟಿನ ಬಳಿ ಬೆರಳಿನಿಂದ ಮುಟ್ಟಿ ಓದುವ ಉಬ್ಬು ನಕ್ಷೆಯಿದ್ದರೆ ಇನ್ನೂ ಒಳ್ಳೆಯದು. ಕಿವಿ ಕೇಳದವರಿಗೆ ದಾರಿಹೋಕರ ವಿವರಣೆಯಿಂದ ಉಪಯೋಗವಿಲ್ಲ. ಹಾಲೂಡಿಸುವ ತಾಯಿಗೆ ಒಂದು ಕೋಣೆ ಎಲ್ಲಿದೆ, ಸಂಜೆ ಗ್ರಂಥಾಲಯದಿಂದ ಹಾಸ್ಟೆಲಿಗೆ ದೀಪವಿರುವ ರಸ್ತೆ ಯಾವುದು ಎಂಬುದೂ ತಿಳಿಯಬೇಕು. ಮನೆಯಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದ ನಮ್ಮ ತೋಟದ ಲೈನ್ ಮನೆಯ ಹುಡುಗಿಗೆ ಕಾಲು ಗಟ್ಟಿಯಿದೆ, ಆದರೆ ಯಾರನ್ನಾದರೂ ಕೇಳಲು ಬಾಯಿ ಬರುವುದಿಲ್ಲ. ಕನ್ನಡದಲ್ಲಿ ಸ್ಪಷ್ಟವಾಗಿ ಬರೆದ ನಕ್ಷೆ ಅವಳಿಗೆ ಆ ಮುಜುಗರ ತಪ್ಪಿಸುತ್ತದೆ. ನನಗೆ ಕಾಡಾನೆ ಸೃಷ್ಟಿಸುವ ಕೆಲಸವನ್ನೂ ತಪ್ಪಿಸುತ್ತಿತ್ತು.

ಒಮ್ಮೆ ಬರೆದಿಟ್ಟು ಮರೆಯುವುದೂ ಸಲ್ಲದು. ಅದನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳೇ ಜಾರಿ ಬಂದಾಗ ಮಡಿಕೇರಿ ರಸ್ತೆ ಕಾಗದದ ಮೇಲೆ ಮಾತ್ರ ಅಖಂಡವಾಗಿ ಉಳಿದಿತ್ತು. ಲಿಫ್ಟು ಕೆಟ್ಟು ಆರು ತಿಂಗಳಾದರೂ ನಕ್ಷೆಯಲ್ಲಿ ಅದು ಓಡುತ್ತಿದ್ದರೆ, ಅಂಥ ನಕ್ಷೆಗಿಂತ ನಮ್ಮ ಹಲಸಿನ ಮರವೇ ವಾಸಿ.

ಹಾಗಾದರೆ ಬರೆಯುವವರು ಯಾರು? ಬ್ರಿಟಿಷರ ಕಾಲದ ಸರ್ವೆಯವರು ರಸ್ತೆಯ ಉದ್ದ ಅಳೆಯಲು ದೊಡ್ಡ ಗಾಲಿಯೊಂದನ್ನು ತಳ್ಳಿಕೊಂಡು ಹೋಗುತ್ತಿದ್ದರು. ಗಾಲಿ ಎಷ್ಟು ಸುತ್ತಿತೋ ಅಷ್ಟು ದೂರ. ಈಗಲೂ ಅದನ್ನೇ ಮಾಡಬಹುದು, ಗಾಲಿಯ ಮೇಲೊಂದು ಕುರ್ಚಿ ಇದ್ದರೆ ಆಯಿತು. ಇದನ್ನು ನಮ್ಮಲ್ಲೇ ಮೊದಲು ಮಾಡಬಹುದು: ನಮ್ಮ ಕೊಡಗು ವಿಶ್ವವಿದ್ಯಾಲಯ 2023ರಲ್ಲಿ ಶುರುವಾದದ್ದು, ಇನ್ನೂ ಹೊಸತು. 2025ರಲ್ಲಿ ಸಂಪುಟ ಉಪಸಮಿತಿ ಮುಚ್ಚಬಹುದೆಂದು ಪಟ್ಟಿ ಮಾಡಿದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಇದೂ ಇತ್ತು. ಉಳಿಯುವುದಾದರೆ ಎಲ್ಲರಿಗಾಗಿ ಉಳಿಯಲಿ. ಹೊಸ ಕಟ್ಟಡದ ಮೆಟ್ಟಿಲನ್ನು ಕಾಗದದ ಮೇಲಿರುವಾಗಲೇ ಅಳಿಸುವುದು ಅಗ್ಗ.

ಎನ್‌ಎಸ್‌ಎಸ್ ಅಧಿಕಾರಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ವರ್ಷಕ್ಕೊಮ್ಮೆ ಏಳು ದಿನದ ಶಿಬಿರಕ್ಕೆಂದು ನಮ್ಮ ಊರುಗಳಿಗೆ ಬಂದು ಚರಂಡಿ ಶುಚಿ ಮಾಡುತ್ತೀರಿ, ಸಂತೋಷ. ಮುಂದಿನ ಸಲ ಒಂದು ದಿನ ನಿಮ್ಮದೇ ಆವರಣದಲ್ಲಿ ಉಳಿಯಿರಿ. ಗಾಲಿಕುರ್ಚಿಯಲ್ಲಿ ಓಡಾಡುವವರನ್ನು, ಬಿಳಿ ಕೋಲು ಹಿಡಿದವರನ್ನು ಮುಂದೆ ಬಿಟ್ಟು ನೀವು ಟೇಪು, ನೋಟ್‌ಬುಕ್ಕು ಹಿಡಿದು ಹಿಂದೆ ನಡೆಯಿರಿ. ಅವರು ನಿಂತಲ್ಲಿ ನಿಂತು ಬರೆದುಕೊಳ್ಳಿ. ಮತ್ತೆ ಮಳೆ ಹಿಡಿದ ಮೇಲೆ ಇನ್ನೊಮ್ಮೆ ಹೋಗಿ ನೋಡಿ: ಬೇಸಿಗೆಯಲ್ಲಿ ನೀವು ಹಸಿರು ಬಳಿದ ದಾರಿ ನಮ್ಮ ಜಿಲ್ಲೆಯಲ್ಲಿ ಜುಲೈಗೂ ಹಸಿರಾಗಿಯೇ ಇರುತ್ತದೆ, ಆದರೆ ಅದು ಪಾಚಿ.