ಹದಿಹರೆಯದ ಮಗನನ್ನು ಬನಶಂಕರಿ ಜಾತ್ರೆಗೆ ಒಯ್ಯುವ ವಿಧಾನ

ಎಚ್ಚರಿಕೆ: ಈ ಸರಕನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಹೊರಡಿಸುವುದು: ಬನದ ಹುಣ್ಣಿಮೆಯ ತೇರು ಎಳೆಯುವುದು ಸಂಜೆಗೆ. ಕನ್ನಡಿ ಮುಂದಿನ ಕೆಲಸ ಮುಂಜಾನೆಯೇ ಶುರುವಾಗಲಿ. ಗಲ್ಲದ ಮೇಲೆ ಒಂದು ಮೊಡವೆ ಎದ್ದಿದ್ದರೆ, “ಯವ್ವಾ, ನಾ ಬರೂದಿಲ್ಲ. ಎಲ್ಲಾರೂ ನನ್ನ ಮಾರೀನ ನೋಡ್ತಾರ” ಎನ್ನುತ್ತಾನೆ. “ಅಷ್ಟು ಮಂದ್ಯಾಗ ನಿನ್ನ ಮಾರಿ ಯಾರ್ ನೋಡ್ತಾರೋ” ಎಂದು ಸಮಾಧಾನ ಹೇಳಬೇಡಿ; ಅದು ಮೊಡವೆಗಿಂತ ದೊಡ್ಡ ಅವಮಾನ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ 1967ರಲ್ಲೇ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂಬ ಈ ಭಾವನೆಗೆ ‘ಕಾಲ್ಪನಿಕ ಪ್ರೇಕ್ಷಕರು’ ಎಂದು ಹೆಸರಿಟ್ಟ. ಜಾತ್ರೆಗೆ ಬಂದ ನಾಟಕ ಕಂಪನಿಯವರು ಮೈಕು ಹಚ್ಚಿ ಮಂದಿ ಕರೆಯಬೇಕು. ನಿಮ್ಮ ಮಗನ ತಲೆಯೊಳಗಿನ ಥೇಟರು ಯಾವಾಗಲೂ ಹೌಸ್‌ಫುಲ್.

ಗುಡಿ ಎದುರಿನ ಹರಿದ್ರಾತೀರ್ಥದ ಹೊಂಡದ ಬಳಿ: ಕಲ್ಲುಕಂಬದ ಸಾಲಿನಲ್ಲಿ ಎಷ್ಟು ಸೆಲ್ಫಿ ಬೇಕಾದರೂ ತೆಗೆದುಕೊಳ್ಳಲಿ. ಬೈಯುವ ಮೊದಲು ನಿಮ್ಮ ವಾಟ್ಸಾಪ್ ಸ್ಟೇಟಸ್ ನೋಡಿಕೊಳ್ಳಿ.

ಪರೀಕ್ಷೆ: ಗುಡಿಯ ಅಂಗಳದಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಅವ್ವನ ಹತ್ತಿರ ರೊಟ್ಟಿ, ಪಲ್ಯ, ಗಡಿಗೆ ಮೊಸರು ಕೊಡಿಸಿ. “ಚಟ್ನಿ ಖಾರ ಭಾಳ ಐತಿ” ಎಂದು ಮುಖ ಸಿಂಡರಿಸುತ್ತಾನೆ. ‘ಸ್ವಾರ್ಥಿ’ ಎಂಬ ಗುಂಡಿ ಒತ್ತಬೇಡಿ, ಯಂತ್ರ ಬಂದ್ ಬೀಳುತ್ತದೆ. “ಇಷ್ಟು ರೊಟ್ಟಿ ಬಡಿಯಾಕ ಈ ಅವ್ವ ಎಷ್ಟೊತ್ತಿಗೆ ಎದ್ದಿರಬೇಕಲೇ?” ಎಂದು ಕೇಳಿ ಸುಮ್ಮನಾಗಿ. ಉತ್ತರ ಬರುವುದಿಲ್ಲ. ಆಕೆ ಎದ್ದು ಹೊರಟಾಗ ಮಾತ್ರ ಬುಟ್ಟಿ ಎತ್ತಿ ತಲೆಯ ಮೇಲಿಡಲು ಕೈ ಹಚ್ಚಿಯಾನು. ಹಚ್ಚಿ, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿಯಾನು. ನೀವು ಬಳೆ ಅಂಗಡಿ ಕಡೆ ತಿರುಗಿ ನಿಲ್ಲಿ. ಅಲ್ಲೇ ಹೊಗಳಿದರೆ ನಾಳೆಯಿಂದ ಬುಟ್ಟಿ ಎತ್ತುವುದೂ ಪ್ರೇಕ್ಷಕರಿಗಾಗಿಯೇ ಆದೀತು.

ದುರಸ್ತಿ: ಮೊಬೈಲ್ ವಿಡಿಯೊ ನೋಡಿ ಮಗನಿಗೆ ‘ನಾರ್ಸಿಸಿಸ್ಟ್’, ಅಂದರೆ ಆತ್ಮರತಿಯ ಕಾಯಿಲೆಯವನು, ಎಂಬ ಚೀಟಿ ಅಂಟಿಸಬೇಡಿ. ಅಮೆರಿಕದ ಮನೋವೈದ್ಯರ 2013ರ ಕೈಪಿಡಿ ಡಿಎಸ್‌ಎಂ-5 ಆ ಕಾಯಿಲೆಗೆ ಒಂಬತ್ತು ಲಕ್ಷಣ ಪಟ್ಟಿ ಮಾಡಿ, ಐದಾದರೂ ಇರಬೇಕು ಎನ್ನುತ್ತದೆ; ಹದಿನೆಂಟರ ಒಳಗಿನವರಲ್ಲಿ ಅವು ಒಂದು ವರ್ಷವಾದರೂ ಬಿಡದೆ ಉಳಿದಿರಬೇಕು. ಕನ್ನಡಿ ಮುಂದೆ ನಿಲ್ಲುವುದು ಆ ಪಟ್ಟಿಯಲ್ಲಿಲ್ಲ. ‘ನಾನೇ ನಾನು’ ಎಂಬುದು ವಯಸ್ಸು ಏರಿದಂತೆ ಬಹುತೇಕರಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಮನೆಯಲ್ಲೂ ಶಾಲೆಯಲ್ಲೂ ವರ್ಷವಿಡೀ ಬೇರೆಯವರನ್ನು ನೋಯಿಸಿ, ಅವರ ಅಳು ಕಂಡೂ ಏನೂ ಅನ್ನಿಸದಿದ್ದರೆ ಮನೆಮದ್ದು ಸಾಲದು. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ.