ಮಾರಾಟಪೂರ್ವ ಪಾಕಶಾಲಾ ಮೀಮಾಂಸೆ

ತುಮಕೂರು, ಗುಬ್ಬಿ, ಕುಣಿಗಲ್ ಎಂಬ ಪುರತ್ರಯದಲ್ಲಿ ಕೀರ್ತಿಶೇಷರಿಗೆ ಕೊರತೆಯಿಲ್ಲ. ಕೆರೆ ಕಟ್ಟಿಸಿದವರು, ದೇಗುಲಕ್ಕೆ ಗದ್ದೆ ಬಿಟ್ಟವರು, ತುರು ಕಾದು ಸತ್ತವರು, ಎಲ್ಲರೂ ಕಲ್ಲಿನ ಮೇಲೆ ಕೂತಿದ್ದಾರೆ. ಆದರೆ ಬಾಡಿಗೆಮನೆಯ ಸಿಂಕು ಬದಲಾಯಿಸಿ, ಮನೆ ಮಾರಿ, ನಾಲ್ಕು ಕಾಸು ಕಂಡ ಒಬ್ಬನ ವೀರಗಲ್ಲೂ ಈವರೆಗೆ ಸಿಕ್ಕಿಲ್ಲ. ತುಮಕೂರು ಜಿಲ್ಲೆಯ ಶಾಸನಗಳಿಗೇ ಮೀಸಲಾದ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟವೂ ಈ ಬಗ್ಗೆ ತುಟಿ ಬಿಚ್ಚುವುದಿಲ್ಲ. ಆ ಕೊರತೆಯನ್ನು ತುಂಬಲು ಈ ಅಲ್ಪಪ್ರಯತ್ನ.

ಶಾಸ್ತ್ರಗ್ರಂಥ ಎಂದ ಮೇಲೆ ಅನುಬಂಧ ಚತುಷ್ಟಯ ಬೇಕು. ವಿಷಯ: ಅಡುಗೆಮನೆ. ಪ್ರಯೋಜನ: ಮನೆ ಬೇಗ ಕೈಬಿಡುವುದು. ಸಂಬಂಧ: ಬ್ರೋಕರ್‌ಗೂ ಮೇಸ್ತ್ರಿಗೂ ಇರುವಂಥದ್ದು, ಅದನ್ನು ಕೆದಕಬಾರದು. ಉಳಿದದ್ದು ಅಧಿಕಾರಿ, ಅಂದರೆ ಈ ಶಾಸ್ತ್ರ ಓದಲು ಯೋಗ್ಯನಾರು ಎಂಬ ಪ್ರಶ್ನೆ. ಮೂರು ಬಗೆಯವರು ಕಾಣುತ್ತಾರೆ. ಮಕ್ಕಳ ಓದಿಗೆಂದು ತುಮಕೂರಿನ ಎಸ್.ಐ.ಟಿ. ಬಡಾವಣೆಯಲ್ಲೋ ಬಟವಾಡಿಯಲ್ಲೋ ಮನೆ ಮಾಡಿ, ಮಕ್ಕಳು ಬೆಂಗಳೂರು ಸೇರಿದ ಮೇಲೆ ಬಾಡಿಗೆಗೆ ಬಿಟ್ಟ ಅಡಿಕೆ ತೋಟದ ಯಜಮಾನರು ಮೊದಲನೆಯವರು. ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾದದ್ದೇ ತಡ, ಬಾಡಿಗೆದಾರರು ಆಕಾಶದಿಂದಲೇ ಇಳಿಯುತ್ತಾರೆಂದು ಗುಬ್ಬಿಯಲ್ಲಿ ಮನೆ ಎಬ್ಬಿಸಿದವರು ಎರಡನೆಯವರು. ಕಾರ್ಖಾನೆಯ ಉದ್ಘಾಟನೆ ಆದದ್ದು 2023ರ ಫೆಬ್ರುವರಿ 6ರಂದು. ಅಷ್ಟರಲ್ಲಿ ಸಿಂಕಿನ ಕೆಳಗಿನ ಪ್ಲೈವುಡ್ ಏಳು ಮಳೆಗಾಲ ಕಂಡಿತ್ತು. ಮೂರನೆಯವರು, 2017ರಲ್ಲಿ ಬೆಂಗಳೂರು–ಹಾಸನ ರೈಲು ಕುಣಿಗಲ್ ಮೇಲೆ ಹಾದ ಬಳಿಕ ಬೆಂಗಳೂರಲ್ಲೇ ಕೂತು ಕುಣಿಗಲ್‌ನಲ್ಲಿ ಇನ್ವೆಸ್ಟ್‌ಮೆಂಟ್ ಮಾಡಿದವರು. ತಮ್ಮ ಅಡುಗೆಮನೆಯನ್ನು ಅವರು ವಾಟ್ಸ್ಆ್ಯಪ್‌ನಲ್ಲಿ ಮಾತ್ರ ನೋಡಿದ್ದಾರೆ.

ಹೇಮಾವತಿಯ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿಷಯ ಬಂದರೆ ಗುಬ್ಬಿಗೂ ಕುಣಿಗಲ್‌ಗೂ ಎಣ್ಣೆ–ಸೀಗೆಕಾಯಿ. ಮಾರುವ ಮನೆಯ ಅಡುಗೆಮನೆಗೆ ದುಡ್ಡು ಸುರಿಯಬಾರದು ಎಂಬಲ್ಲಿ ಮಾತ್ರ ಎರಡೂ ತಾಲ್ಲೂಕುಗಳಿಗೆ ಪಕ್ಷಾತೀತ ಒಮ್ಮತ. (ಸಿದ್ಧಗಂಗಾ ಮಠದ ದಾಸೋಹದ ಅಡುಗೆಮನೆ ಈ ಅಧ್ಯಯನದ ವ್ಯಾಪ್ತಿಗೆ ಬಾರದು. ನಿತ್ಯ ಸುಮಾರು 10,000 ಮಕ್ಕಳಿಗೆ ಅನ್ನ ಬಡಿಸುವ ಆ ಪಾಕಶಾಲೆ ಮಾರಾಟಕ್ಕಿಲ್ಲ.)

ಈಗ ಪೂರ್ವಪಕ್ಷ. ಇದನ್ನು ಮಂಡಿಸುವವರು ಮಾಡ್ಯುಲರ್ ಪಂಥದವರು. ಇವರ ಶೋರೂಮಿನಲ್ಲಿ ಕಾಫಿ ಕೊಡುತ್ತಾರೆ. ಇವರ ವಾದ: ಅಡುಗೆಮನೆಯೇ ಮನೆಯನ್ನು ಮಾರುತ್ತದೆ, ಆದ್ದರಿಂದ ಲಕ್ಷಗಟ್ಟಲೆ ಹಾಕಿ ಹೊಸದು ಮಾಡಿಸಿ, ಹಾಕಿದ್ದರ ದುಪ್ಪಟ್ಟು ಬರುತ್ತದೆ. ಮೊದಲ ವಾಕ್ಯ ಸತ್ಯ, ಎರಡನೆಯದು ವ್ಯಾಪಾರ, ಮೂರನೆಯದು ಪುರಾಣ. ಏಕೆಂದರೆ ನಮ್ಮ ಸೀಮೆಯಲ್ಲಿ ಮನೆ ಕೊಂಡವರು ಮೊದಲು ಒಡೆಯುವುದೇ ಅಡುಗೆಮನೆಯನ್ನು. ಒಲೆ ಆಗ್ನೇಯಕ್ಕಿಲ್ಲ ಎಂದು ಒಬ್ಬರು, ಅಡುಗೆ ಮಾಡುವವರ ಮುಖ ಪೂರ್ವಕ್ಕಿಲ್ಲ ಎಂದು ಇನ್ನೊಬ್ಬರು, ಕಟ್ಟೆ ಎತ್ತರವಾಯಿತೆಂದು ಅತ್ತೆ, ತಗ್ಗಾಯಿತೆಂದು ಸೊಸೆ. ಮೂರು ಲಕ್ಷದ ಕಪಾಟನ್ನು ಮೂರು ತಾಸಿನಲ್ಲಿ ಕಿತ್ತು ಟಾಟಾ ಏಸ್‌ಗೆ ತುಂಬುವ ದೃಶ್ಯ ಕಂಡವರಿಗೆ ಮಾಯಾವಾದದ ಮೇಲೆ ಬೇರೆ ಭಾಷ್ಯ ಬೇಡ.

ತೌಲನಿಕ ಅಧ್ಯಯನ ಬೇಕೆನ್ನುವ ಪರೀಕ್ಷಕರಿಗಾಗಿ ಒಂದು ಜರ್ಮನ್ ಉಲ್ಲೇಖ. 1926ರಲ್ಲಿ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ–ಲಿಹೋಟ್ಸ್ಕಿ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆ ಇಂದಿನ ಎಲ್ಲ ಮಾಡ್ಯುಲರ್‌ಗಳ ಮುತ್ತಜ್ಜಿ. ಆ ನಗರದ ಅಗ್ಗದ ವಸತಿಗಳಲ್ಲಿ ಅಂಥ ಸುಮಾರು 10,000 ಅಡುಗೆಮನೆಗಳನ್ನು ಕೂರಿಸಿದರು. ಅಳತೆ 1.9 ಮೀಟರಿಗೆ 3.4 ಮೀಟರು, ಅಂದರೆ ಹೆಚ್ಚುಕಡಿಮೆ 70 ಚದರಡಿ. ಹಿಟ್ಟಿಗೆ ಹುಳು ಹತ್ತದಿರಲೆಂದು ಓಕ್ ಮರದ ಡಬ್ಬ, ನೊಣ ಬಾರದಿರಲೆಂದು ನೀಲಿ ಬಣ್ಣ. ತುಮಕೂರಿನ ಮೇಸ್ತ್ರಿ ಜರ್ಮನಿಗೆ ಹೋದವನಲ್ಲ. ಆದರೂ ಬಾಡಿಗೆಮನೆಯ ಅಡುಗೆಮನೆ ಎಂದರೆ ಏಳಕ್ಕೆ ಹತ್ತು, ಅದೇ 70 ಚದರಡಿ, ಅವನೂ ಕಟ್ಟುತ್ತಾನೆ. ಮಹಾನ್ ಚಿಂತಕರು ಒಂದೇ ರೀತಿ ಯೋಚಿಸುತ್ತಾರೋ, ಜಾಗ ಉಳಿಸುವ ಮಾಲೀಕರು ಒಂದೇ ರೀತಿ ಯೋಚಿಸುತ್ತಾರೋ, ವಿದ್ವಾಂಸರು ತೀರ್ಮಾನಿಸಲಿ. 1940ರ ದಶಕದಲ್ಲಿ ಅಮೆರಿಕದವರು ಒಲೆ, ಸಿಂಕು, ಫ್ರಿಜ್ಜು ಸೇರಿ ತ್ರಿಕೋನವಾಗಬೇಕು, ಮೂರು ಬಾಹುಗಳ ಮೊತ್ತ 13ರಿಂದ 26 ಅಡಿಯೊಳಗಿರಬೇಕು ಎಂದರು. ನಮ್ಮಲ್ಲಿ ಮೂರನೇ ಬಿಂದು ಹಾಲ್‌ನಲ್ಲಿ, ಟೀವಿ ಪಕ್ಕದಲ್ಲಿ, ಕ್ರೋಶಾ ಹೊದಿಕೆ ಹೊದ್ದು ನಿಂತಿರುತ್ತದೆ.

ಸಿದ್ಧಾಂತಕ್ಕೆ ಜರ್ಮನಿಯ ತನಕ ಹೋಗಬೇಕಿಲ್ಲ. ಅದು 1884ರಿಂದ ಗುಬ್ಬಿಯಲ್ಲೇ ಇದೆ. ಆ ವರ್ಷ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಮುಂದೆ ವೀರಣ್ಣನವರ ಕೈಯಲ್ಲಿ ನಾಡಿನ ಅತಿ ವೈಭವದ ಕಂಪನಿಯಾಯಿತು. 1934ರ ‘ಕುರುಕ್ಷೇತ್ರ’ಕ್ಕೆ ಅವರು ಆನೆ, ಕುದುರೆಗಳನ್ನೇ ರಂಗಕ್ಕೆ ನಡೆಸಿದರು. ಜನ ನೆನಪಿಟ್ಟುಕೊಂಡದ್ದು ಆ ಆನೆಯನ್ನು. ಕಂಪನಿಯನ್ನು ನಡೆಸಿದ್ದು ಪರದೆ. ಕಂಪನಿ ನಾಟಕಗಳ ಪದ್ಧತಿ ಬಲು ಸರಳ: ಮುಂದೆ ಬೀದಿ ಪರದೆ ಇಳಿಬಿಟ್ಟು ಹಾಸ್ಯಗಾರರನ್ನು ಬಿಡುವುದು, ಅವರು ಜನರನ್ನು ನಗಿಸುವಷ್ಟರಲ್ಲಿ ಹಿಂದೆ ದರ್ಬಾರು ಜೋಡಿಸುವುದು. ಅರಮನೆಯ ಕಂಬ ಬಟ್ಟೆಯ ಮೇಲಿನ ಬಣ್ಣ. ಆದರೆ ರಾಜ ಕೂರುವ ಸಿಂಹಾಸನ ಮರದ್ದೇ ಆಗಬೇಕು. ಅದನ್ನೂ ಬಟ್ಟೆಯಲ್ಲಿ ಬರೆದರೆ ದುರ್ಯೋಧನ ಅಂಗಾತ ಬೀಳುತ್ತಾನೆ.

ಇದರಿಂದ ಪ್ರಬಂಧಕಾರ ಹೊರತೆಗೆದ ಸೂತ್ರಕ್ಕೆ ಸ್ಪರ್ಶ–ದರ್ಶನ ನ್ಯಾಯ ಎಂದು ಹೆಸರಿಡಬಹುದು. ಕೊಳ್ಳುವವರ ಕೈ ಮುಟ್ಟುವುದು ಗಟ್ಟಿಯಿರಬೇಕು. ಕಣ್ಣು ಮಾತ್ರ ಮುಟ್ಟುವುದು ಬಣ್ಣವಾದರೆ ಸಾಕು. ಎರಡೂ ಮುಟ್ಟದ ಕಡೆ ಒಂದು ರೂಪಾಯಿಯೂ ಬೇಡ.

ಪ್ರಮಾಣಕ್ಕೆ, ಮನೆ ನೋಡಲು ಬಂದ ಯಾವುದೇ ದಂಪತಿಯನ್ನು ಹಿಂಬಾಲಿಸಿ. ಯಜಮಾನರು ಹಾಲ್‌ನಲ್ಲೇ ಕೂತು ಇ–ಖಾತಾ ಆಗಿದೆಯಾ, ಬುಗುಡನಹಳ್ಳಿ ಕೆರೆ ನೀರು ವಾರಕ್ಕೆಷ್ಟು ದಿನ, ಬೋರು ಎಷ್ಟಡಿ ಎಂದು ವಿಚಾರಿಸುತ್ತಾರೆ. ಬ್ರೋಕರ್ ಬೀದಿ ಪರದೆಯ ಮುಂದಿನ ಹಾಸ್ಯಗಾರನಂತೆ ಅವರನ್ನು ಹಿಡಿದಿಡುತ್ತಾನೆ. ಯಜಮಾನಿ ಯಾರನ್ನೂ ಕೇಳದೆ ಒಳಗೆ ಹೋಗುತ್ತಾರೆ. ನಲ್ಲಿ ತಿರುಗಿಸುತ್ತಾರೆ. ಸಿಂಕಿನ ಕೆಳಗಿನ ಬಾಗಿಲು ತೆಗೆದು, ಬಗ್ಗಿ, ಒಮ್ಮೆ ಉಸಿರೆಳೆದು ಮುಚ್ಚುತ್ತಾರೆ. ಕಿಟಕಿಯ ಜಾಲರಿಗೆ ಬೆರಳು ತಾಗಿಸಿ ಜಿಡ್ಡು ನೋಡುತ್ತಾರೆ. ‘ಗ್ರೈಂಡರ್ ಎಲ್ಲಿಡೋದು?’ ಎಂದು ಗೋಡೆಯನ್ನು ಕೇಳುತ್ತಾರೆ. ಹೊರಗೆ ಬಂದು ಗಂಡನ ಮುಖ ನೋಡುತ್ತಾರೆ. ಅಲ್ಲಿಗೆ ವ್ಯವಹಾರ ಮುಗಿಯಿತು, ಉಳಿದದ್ದೆಲ್ಲ ಚೌಕಾಸಿ.

ಆದ್ದರಿಂದ ಮೊದಲ ಖರ್ಚು ನಲ್ಲಿಗೆ. ಬೋರಿನ ಗಡಸು ನೀರು ಕುಡಿದ ನಲ್ಲಿಯ ಮೂತಿಗೆ ಬಿಳಿ ಉಪ್ಪು ಕಟ್ಟಿರುತ್ತದೆ. ನೀರು ಒಂದೇ ಧಾರೆಯಾಗಿ ಬೀಳದೆ ಮೂರು ದಿಕ್ಕಿಗೆ ಹಾರುತ್ತದೆ. ನಲ್ಲಿ ಒಳ್ಳೆಯದಿದ್ದರೆ ಬದಲಿಸುವುದೂ ಬೇಡ. ಹುಣಸೆಹಣ್ಣಿನ ವಹಿವಾಟಿಗೆ ಹೆಸರಾದ ಊರು ತುಮಕೂರು. ಒಂದು ಹಿಡಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ರಾತ್ರಿ ನಲ್ಲಿಗೆ ಸುತ್ತಿದರೆ ಬೆಳಿಗ್ಗೆ ಉಪ್ಪು ಉದುರುತ್ತದೆ. ಆ ಹುಳಿ ಕೆಳಗಿನ ಕಡಪ ಕಲ್ಲಿಗೆ ಮಾತ್ರ ಬೀಳಬಾರದು. ಕಡಪ ಸುಣ್ಣಕಲ್ಲಿನ ಜಾತಿ, ಹುಳಿ ತಿಂದರೆ ಬೆಳ್ಳಗಾಗುತ್ತದೆ. ಹಳೆಯ ಕಡಪ ಕಟ್ಟೆಯನ್ನು ಬೆಳಕಿಗೆ ಓರೆಯಾಗಿ ನೋಡಿದರೆ ಹಿಂದಿನ ಬಾಡಿಗೆದಾರರು ಸಾರಿನ ಪಾತ್ರೆಯನ್ನು ಎಲ್ಲಿಡುತ್ತಿದ್ದರು, ನಿಂಬೆಹಣ್ಣನ್ನು ಎಲ್ಲಿ ಕೊಯ್ಯುತ್ತಿದ್ದರು ಎಂಬುದರ ಪೂರ್ಣ ಇತಿಹಾಸ ಸಿಗುತ್ತದೆ. ಪ್ರಾಕ್ತನ ಇಲಾಖೆ ಇನ್ನೂ ಈ ಕಡೆ ಗಮನ ಹರಿಸಿಲ್ಲ.

ಕಟ್ಟೆಯೇ ಈ ಶಾಸ್ತ್ರದ ಹೃದಯ. ತುರುವೇಕೆರೆ ಕಡೆಯ ಕರಿಕಲ್ಲು ಶ್ರೀರಂಗಪಟ್ಟಣದ ಗುಂಬಜ್‌ನ ಕಂಬಗಳಾಗಿ ನಿಂತಿದೆ ಎಂದು ಮೈಸೂರಿನ ಹಳೆಯ ಗೆಜೆಟಿಯರ್ ಬರೆಯುತ್ತದೆ. ಆ ಹೊಳಪಲ್ಲಿ ಇಂದೂ ಮುಖ ಕಾಣುತ್ತದೆ. ಕರಿಕಲ್ಲಿನ ಮೇಲೆ ಈ ಜಿಲ್ಲೆಯವರಿಗಿರುವ ಮೋಹ, ಹೀಗೆ, ಸುಲ್ತಾನರ ಕಾಲದ್ದು. ಅದನ್ನು ಅಗ್ಗವಾಗಿ ತಣಿಸುವ ಬಗೆ: ಹಳೆ ಕಟ್ಟೆಯನ್ನು ಒಡೆಯಬಾರದು. ಒಡೆದರೆ ಸ್ಲ್ಯಾಬು, ಪೈಪು, ಟೈಲ್ಸು ಒಂದರ ಹಿಂದೊಂದು ಕೈಕೊಟ್ಟು ಹದಿನೈದು ಸಾವಿರದ ಕೆಲಸ ಎಪ್ಪತ್ತಕ್ಕೆ ಏರುತ್ತದೆ. ಕಡಪದ ಮೇಲೇ 18 ಮಿಲಿಮೀಟರಿನ ಕಪ್ಪು ಗ್ರಾನೈಟನ್ನು ಅಂಟಿನಿಂದ ಕೂರಿಸಿ, ಮುಂದಿನ ಅಂಚನ್ನು ದುಂಡಗೆ ಪಾಲಿಶ್ ಹೊಡೆಸಿದರೆ ಮುಗಿಯಿತು. ಹತ್ತಡಿ ಉದ್ದ, ಎರಡಡಿ ಅಗಲ, ಒಟ್ಟು 20 ಚದರಡಿ ಕಲ್ಲು. ಇದರಲ್ಲಿ ಕೈ ಸವರುವುದು ಆ ಒಂದು ಅಂಚನ್ನು ಮಾತ್ರ. ಕಟ್ಟೆ ಒಂದಿಂಚು ಎತ್ತರವಾಗುತ್ತದೆ ಎಂಬ ಆಕ್ಷೇಪ ನ್ಯಾಯವೇ. ಅದಕ್ಕೆ ಉತ್ತರ ಕೊನೆಯಲ್ಲಿದೆ.

ಕೆಲವರು ಪರದೆ ಸಿದ್ಧಾಂತವನ್ನು ಅತಿವ್ಯಾಪ್ತಿಗೆ ಎಳೆದು ಕಟ್ಟೆಗೂ ಅಮೃತಶಿಲೆ ಚಿತ್ರದ ಸ್ಟಿಕ್ಕರ್ ಅಂಟಿಸುತ್ತಾರೆ. ಒಂದು ಬಿಸಿ ಕುಕ್ಕರ್ ಇಟ್ಟರೆ ಅದು ಹಪ್ಪಳದ ಹಾಗೆ ಉಬ್ಬುತ್ತದೆ. ಸ್ಟಿಕ್ಕರ್ ಗೋಡೆಗೆ, ಅದೂ ಒಲೆಯಿಂದ ದೂರದ ಗೋಡೆಗೆ. ಹಳೆ ಟೈಲ್ಸಿನ ಸಂದಿಯ ಕರಿಜಿಡ್ಡಿಗೆ ಬಿಸಿನೀರು, ವಾಷಿಂಗ್ ಸೋಡಾ, ಒಬ್ಬ ಆಳು, ಅರ್ಧ ದಿನ.

ಸಿಂಕಿನ ವಿಷಯದಲ್ಲಿ ಒಂದು ಜನಪ್ರಿಯ ಭ್ರಮೆಯನ್ನು ಖಂಡಿಸಬೇಕಿದೆ. ಅಯಸ್ಕಾಂತ ಅಂಟದಿದ್ದರೆ ಅದು 304 ಗ್ರೇಡು, ಅಪ್ಪಟ ಎಂದು ಅಂಗಡಿಯವನು ಜೇಬಿಂದ ಅಯಸ್ಕಾಂತ ತೆಗೆದು ತೋರಿಸುತ್ತಾನೆ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ 202 ಗ್ರೇಡಿಗೂ ಅದು ಅಂಟುವುದಿಲ್ಲ. 202ಕ್ಕೆ ಬೇಗ ಕಲೆ ಹಿಡಿಯುತ್ತದೆ. ಮಾರುವವನಿಗೆ ಬೇಕಾದದ್ದು ಮೂರು ತಿಂಗಳು. ಇಲ್ಲಿ ಧರ್ಮಶಾಸ್ತ್ರ ಅಡ್ಡ ಬರುತ್ತದೆ, ಪ್ರಬಂಧಕಾರ 304ರ ಪರ. ಪ್ಲೈವುಡ್ಡಿನಲ್ಲೂ ಹೀಗೇ: ಐಎಸ್ 303 ಮುದ್ರೆಯದ್ದು ಮೇಲಿನ ಕಪಾಟಿಗೆ ಸಾಕು, ಸಿಂಕಿನ ಕೆಳಗೆ ಮಾತ್ರ ಐಎಸ್ 710, ಅಂದರೆ ಮರೈನ್. ಹಳೆ ಕಪಾಟಿನ ಮೈ ಗಟ್ಟಿಯಿದ್ದರೆ ಬಾಗಿಲು ಮಾತ್ರ ಬದಲಿಸಿ, ಸದ್ದಿಲ್ಲದೆ ಮುಚ್ಚುವ ಕೀಲು ಹಾಕಿದರೆ ಸಾಕು. ಆ ಕೀಲುಗಳು ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಿಂದ ಸಂಜೆಯ ತುಮಕೂರು ರೈಲಿನಲ್ಲಿ, ಊಟದ ಬುತ್ತಿಯ ಪಕ್ಕ ಕೂತು ಬರುತ್ತವೆ.

ಕುಣಿಗಲ್ ಪಂಥದ್ದು ಬೇರೆ ದಾರಿ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರು, ಸ್ಟಡ್ ಫಾರ್ಮ್‌ನ ನೆರಳು. ಕೊಳ್ಳುವವನು ಹಲ್ಲು ನೋಡಿಯೇ ನೋಡುತ್ತಾನೆ ಎಂಬುದು ಇಲ್ಲಿ ಗೊತ್ತಿದೆ. ಹಾಗಾಗಿ ಇವರು ಸಿಂಕಿನ ಕೆಳಗಿನ ಬಾಗಿಲನ್ನು ಕಿತ್ತೇಬಿಡುತ್ತಾರೆ: ಹೊಸ ಪೈಪು, ಸುಣ್ಣ ಬಳಿದ ಗೋಡೆ, ತೆರೆದ ಗಾಳಿ. ವಾಸನೆಯೂ ಇಲ್ಲ, ಜಿರಲೆಯೂ ಇಲ್ಲ, ಪ್ಲೈವುಡ್ಡಿನ ಖರ್ಚೂ ಇಲ್ಲ. ಗ್ಯಾಸಿನ ಕಿತ್ತಳೆ ಬಣ್ಣದ ಪೈಪನ್ನೂ ಹೊಸದು ಹಾಕುತ್ತಾರೆ. ಐದು ವರ್ಷಕ್ಕೊಮ್ಮೆ ಬದಲಿಸಬೇಕಾದ ವಸ್ತು ಅದು, ಇಸವಿ ಅದರ ಮೈಮೇಲೇ ಅಚ್ಚಾಗಿರುತ್ತದೆ, ಓದುವ ಯಜಮಾನಿಯರು ಓದುತ್ತಾರೆ. ಪೈಪು ಒಂದೂವರೆ ಮೀಟರು ಇದ್ದರೆ ಒಲೆಯನ್ನು ಸರಿಸಿ ಪೂರ್ವಕ್ಕೆ ಮುಖ ಮಾಡಿಸಬಹುದು. ಕೆಲವು ನೂರು ರೂಪಾಯಿಗೆ ಇಡೀ ವಾಸ್ತುದೋಷ ಪರಿಹಾರ.

ಅರ್ಥಶಾಸ್ತ್ರ ಅಧಿಕರಣ ಚಿಕ್ಕದು. 2024ರ ಜುಲೈ 23ರ ನಂತರ ಮಾರಿದರೆ, 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡಿದ್ದ ಮನೆಯ ಲಾಭಕ್ಕೆ 12.5% ತೆರಿಗೆ. ಅದಕ್ಕೂ ಮೊದಲೇ ಕೊಂಡ ನಿವಾಸಿಗಳಿಗೆ ಹಣದುಬ್ಬರ ಸೂಚ್ಯಂಕದ ಲೆಕ್ಕದಲ್ಲಿ 20%ರ ಹಳೆ ದಾರಿಯೂ ತೆರೆದಿದೆ. ಸುಧಾರಣೆಯ ವೆಚ್ಚವನ್ನು ಲಾಭದಿಂದ ಕಳೆಯಬಹುದು. ಕಟ್ಟೆ, ಗೋಡೆಗೆ ಕೂರಿಸಿದ ಕಪಾಟುಗಳಿಗೆ ಒಂದು ಲಕ್ಷ ಹಾಕಿ ರಸೀದಿ ಇಟ್ಟರೆ 12,500 ಉಳಿತಾಯ. ಬರೀ ಬಣ್ಣ, ರಿಪೇರಿ ಎಂದರೆ ಇಲಾಖೆ ಹುಬ್ಬೇರಿಸುತ್ತದೆ. ಮೇಸ್ತ್ರಿಯ ಎಸ್ಟಿಮೇಟು ಮದುವೆ ಕರೆಯೋಲೆಯ ಹಿಂಬದಿಯಲ್ಲಿರುತ್ತದೆ. ದುಡ್ಡನ್ನು ಫೋನ್‌ನಲ್ಲೇ ಕಳಿಸಿ, ಕರೆಯೋಲೆಯ ಮೇಲೆ ಸಹಿ ಹಾಕಿಸಿಕೊಂಡವರು ಬುದ್ಧಿವಂತರು.

ಕಡೆಗೆ ನೋಂದಣಿ. ಮುದ್ರಾಂಕ ಶುಲ್ಕ 5%, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2%. ಕ್ರಯಪತ್ರದ ಷೆಡ್ಯೂಲಿನಲ್ಲಿ ಆರ್‌ಸಿಸಿ ತಾರಸಿ, ವಿಟ್ರಿಫೈಡ್ ನೆಲ, ಕಾಡುಮರದ ಬಾಗಿಲು, ವಿದ್ಯುತ್ ಸೌಕರ್ಯ ಎಲ್ಲವೂ ಬರುತ್ತವೆ. ಅಡುಗೆ ಕಟ್ಟೆಯ ಹೆಸರಿಲ್ಲ. ಮಾರ್ಗಸೂಚಿ ದರದಲ್ಲಿ ಅದಕ್ಕೆ ಸೊನ್ನೆ.

ಗೃಹಪ್ರವೇಶದ ದಿನ ಹೊಸ ಕಟ್ಟೆಯ ಮೇಲೆ ಹಾಲು ಉಕ್ಕುತ್ತದೆ. ಮುಂದಿನ ವಾರ ಕೊಂಡವರು ಮೇಸ್ತ್ರಿಯನ್ನು ಕರೆಸಿ, ಕಟ್ಟೆ ಎರಡಿಂಚು ತಗ್ಗಬೇಕು, ಕಪ್ಪು ಬೇಡ, ಬಿಳಿ ಹಾಕಿ ಎನ್ನುತ್ತಾರೆ. ಮೇಸ್ತ್ರಿ ಹಳೆ ಕಲ್ಲಿಗೆ ಒಂದು ರೇಟು ಹೇಳಿ, ಅದನ್ನು ತಾನೇ ಎತ್ತಿಕೊಳ್ಳುತ್ತೇನೆ ಎನ್ನುತ್ತಾನೆ. ಶಿರಾಗೇಟ್ ಹತ್ತಿರ ಒಂದು ಮನೆ ಮಾರಾಟಕ್ಕಿದೆಯಂತೆ, ಅಲ್ಲಿಗೆ ಬರುತ್ತದೆ. ಅಳತೆ ಎಷ್ಟು ಎಂದು ಕೇಳಿದರೆ ಟೇಪು ಹಿಡಿಯದೆಯೇ ಹೇಳುತ್ತಾನೆ: ‘ಹತ್ತಡಿ ನಾಲ್ಕಿಂಚು ಸಾರ್, ಬಲಗಡೆ ಮೂಲೇಲಿ ಒಂಚೂರು ಚೆಕ್ಕೆ ಎದ್ದದೆ.’