ಸುಪ್ರಾಶ್ವ ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯ ಹೇಳದೆ ಮುಂದಡಿ ಇಡಬಾರದು. ವಿಷಯ: ಟೊಯೋಟಾ ಕುಲೋತ್ಪನ್ನ ಸುಪ್ರಾ ಕಾರಿನ ಅಶ್ವಶಕ್ತಿ. ಅಧಿಕಾರಿ: ಕಾರು ಕೊಳ್ಳುವ ಶಕ್ತಿಯಿಲ್ಲದಿದ್ದರೂ ಬ್ರೋಷರ್ ಓದುವ ಭಕ್ತಿಯುಳ್ಳವನು. ಸಂಬಂಧ: ದೂರದ್ದು. ಪ್ರಯೋಜನ: ಏನೂ ಇಲ್ಲ, ಆದ್ದರಿಂದಲೇ ಇದು ಶಾಸ್ತ್ರ.

ಪ್ರಮಾಣ ಪ್ರಕರಣ

ಜೇಮ್ಸ್ ವ್ಯಾಟ್ ಮುನಿಗಳ ಮತದಂತೆ ನಿಮಿಷಕ್ಕೆ 33,000 ಪೌಂಡ್ ತೂಕವನ್ನು ಒಂದಡಿ ಎತ್ತುವುದು ಒಂದು ಕುದುರೆ, ಅಂದರೆ ಸುಮಾರು 746 ವಾಟ್. ಇದು ಎಚ್‌ಪಿ. ಮೆಟ್ರಿಕ್ ಸಂಪ್ರದಾಯದಲ್ಲಿ ಸೆಕೆಂಡಿಗೆ 75 ಕಿಲೋ ತೂಕವನ್ನು ಒಂದು ಮೀಟರ್ ಎತ್ತಿದರೆ ಸಾಕು; 735.5 ವಾಟ್. ಇದೇ ಪಿಎಸ್. ಅಮೆರಿಕ ಮೊದಲ ಮತದ್ದು. ಯುರೋಪು, ಜಪಾನು ಎರಡನೆಯದರವು. ಪಿಎಸ್ ಕುದುರೆ ಕೊಂಚ ಬಡಕಲು. ಬಡಕಲು ಕುದುರೆಗಳನ್ನೇ ಎಣಿಸಿದರೆ ಲಾಯ ತುಂಬಿದಂತೆ ಕಾಣುವುದರಿಂದ ಬ್ರೋಷರು ಬರೆಯುವವರಿಗೆ ಅದರ ಮೇಲೆ ಮಮತೆ ಹೆಚ್ಚು.

ಸ್ಥಿರಸಂಖ್ಯಾ ಪ್ರಕರಣ

1990ರಲ್ಲಿ ಜಪಾನಿನ ಮೂರನೆಯ ತಲೆಮಾರಿನ ಸುಪ್ರಾಕ್ಕೆ 2.5 ಲೀಟರಿನ ಅವಳಿ ಟರ್ಬೊ ಎಂಜಿನ್ ಬಂತು: 280 ಪಿಎಸ್. 1993ರ ನಾಲ್ಕನೆಯ ತಲೆಮಾರಿಗೆ 3 ಲೀಟರಿನ 2ಜೆಝಡ್-ಜಿಟಿಇ ಬಂತು: 280. ಅರ್ಧ ಲೀಟರ್ ಹೆಚ್ಚಾದರೂ ಒಂದು ಮರಿಯೂ ಹುಟ್ಟಲಿಲ್ಲ. 1997ರಲ್ಲಿ ವಾಲ್ವ್‌ಗಳ ವ್ಯವಸ್ಥೆ ಸುಧಾರಿಸಿ ಟಾರ್ಕ್ 44ರಿಂದ 46 ಕೆಜಿ-ಮೀಟರ್‌ಗೇರಿತು. ಕುದುರೆಗಳು? 280.

ಈ ಬ್ರಹ್ಮಚರ್ಯಕ್ಕೆ ಕಾರಣ ಜಪಾನಿ ಕಾರು ತಯಾರಕರ ಸಜ್ಜನರ ಒಪ್ಪಂದ. ರಸ್ತೆ ಅಪಘಾತಗಳ ಆತಂಕದಿಂದ, 280 ಪಿಎಸ್ ಮೀರಿದ ಸಂಖ್ಯೆಯನ್ನು ತಮ್ಮ ದೇಶದಲ್ಲಿ ಸಾರುವುದಿಲ್ಲವೆಂದು ಅವರು ಮಾತು ಕೊಟ್ಟುಕೊಂಡಿದ್ದರು. ಅದು ಕಾನೂನಲ್ಲ, ಮರ್ಯಾದೆ. 2004ರಲ್ಲಿ ಹೋಂಡಾ ಲೆಜೆಂಡ್ 300 ಪಿಎಸ್ ಎಂದು ಸಾರಿದ ದಿನ ಆ ಮರ್ಯಾದೆಯ ಅವಧಿ ಮುಗಿಯಿತು.

ಮತತ್ರಯ ಪ್ರಕರಣ

ಅದೇ ನಾಲ್ಕನೆಯ ಸುಪ್ರಾ ಅಮೆರಿಕಕ್ಕೆ ಹೋದಾಗ 320 ಎಚ್‌ಪಿ. ಯುರೋಪಿಗೆ ಹೋದಾಗ 330 ಪಿಎಸ್. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬಲ ಹೆಚ್ಚುತ್ತದೆಂದು ಯಾರೂ ಹೇಳಿರಲಿಲ್ಲ. ಇಲ್ಲಿ ಆಚಾರ್ಯರಲ್ಲಿ ಮೂರು ಮತಗಳು.

ದ್ವೈತಿಗಳೆಂಬರು: ಕಾರುಗಳೇ ಬೇರೆ. ಜಪಾನಿನದಕ್ಕೆ ಸೆರಾಮಿಕ್ ಟರ್ಬೈನ್ ಚಕ್ರ, ಸಣ್ಣ ಇಂಜೆಕ್ಟರ್. ರಫ್ತಿನದಕ್ಕೆ ಉಕ್ಕಿನ ಚಕ್ರ, ದೊಡ್ಡ ಇಂಜೆಕ್ಟರ್. ಭೇದ ಸತ್ಯ.

ಅದ್ವೈತಿಗಳೆಂಬರು: 2ಜೆಝಡ್ ಒಂದೇ, ಮಿಕ್ಕಿದ್ದೆಲ್ಲ ಬ್ರೋಷರಿನ ಮಾಯೆ. 320 ಎಚ್‌ಪಿಯನ್ನು ಗುಣಿಸಿ ನೋಡಿದರೆ 324 ಪಿಎಸ್. ಅಮೆರಿಕಕ್ಕೂ ಯುರೋಪಿಗೂ ಇದ್ದಂತೆ ಕಂಡ ಹತ್ತರ ಅಂತರ ಆರಕ್ಕಿಳಿಯಿತು. ಅಜ್ಞಾನ ಕಳೆದರೆ ಕುದುರೆಯೂ ಕಳೆಯುತ್ತದೆ.

ವಿಶಿಷ್ಟಾದ್ವೈತಿಗಳೆಂಬರು: ಎಂಜಿನ್ ಒಂದೇ, ಇಂಜೆಕ್ಟರು ಅದರ ವಿಶೇಷಣ. ಅಷ್ಟು ಹೇಳಿ ಅವರು ಊಟಕ್ಕೆದ್ದರು.

ವಿಪರ್ಯಯ ಪ್ರಕರಣ

2019ರಲ್ಲಿ ಸುಪ್ರಾ ಮರುಜನ್ಮ ತಾಳಿತು. ಹೆಸರು ಟೊಯೋಟಾದ್ದು, ಆರು ಸಿಲಿಂಡರಿನ ಎಂಜಿನ್ ಜರ್ಮನಿಯ ಬಿಎಂಡಬ್ಲ್ಯೂನದು, ಹೆರಿಗೆ ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ. ಅಮೆರಿಕದಲ್ಲಿ 335 ಎಚ್‌ಪಿ, ಜಪಾನು ಯುರೋಪುಗಳಲ್ಲಿ 340 ಪಿಎಸ್. ಎರಡೂ ಒಂದೇ, 250 ಕಿಲೋವಾಟ್. ಜಗತ್ತು ಒಮ್ಮತಕ್ಕೆ ಬಂತೆಂದು ಶಾಸ್ತ್ರಜ್ಞರು ಪುಸ್ತಕ ಮುಚ್ಚುವಷ್ಟರಲ್ಲಿ, ಮುಂದಿನ ವರ್ಷ ಅಮೆರಿಕಕ್ಕೆ 382 ಎಚ್‌ಪಿ, ಜಪಾನಿಗೆ 387 ಪಿಎಸ್ ಘೋಷಣೆಯಾಯಿತು. ಹೊಗೆ ನಿಯಮಗಳ ಬಿಗಿಯಲ್ಲಿ ಯುರೋಪು 340ರಲ್ಲೇ ಉಳಿಯಿತು. ಹೀಗೆ, ಹಿಂದೆ ಅತಿ ಹೆಚ್ಚು ಕುದುರೆ ಪಡೆದಿದ್ದ ಯುರೋಪಿಗೆ, ತನ್ನದೇ ಎಂಜಿನ್ ತನ್ನದೇ ನೆಲದಲ್ಲಿ ಹುಟ್ಟಿದಾಗ ಅತಿ ಕಡಿಮೆ. ಹಿಂದೆ ಸಂಕೋಚಪಟ್ಟಿದ್ದ ಜಪಾನಿಗೆ ಭರಪೂರ. ಹೆತ್ತಮ್ಮನಿಗೆ ಗಂಜಿ, ದೂರದ ನೆಂಟರಿಗೆ ಹೋಳಿಗೆ.

ಸಿದ್ಧಾಂತ

ಆದ್ದರಿಂದ ಅಶ್ವಶಕ್ತಿಯು ಎಂಜಿನ್ನಿನಲ್ಲಿ ಅರ್ಧ, ಮುದ್ರಣಾಲಯದಲ್ಲಿ ಅರ್ಧ ವಾಸಿಸುವ ದ್ರವ್ಯವೆಂದು ಸಾಧಿತವಾಯಿತು. ಎಚ್‌ಪಿ, ಪಿಎಸ್ ಎರಡನ್ನೂ ಒಂದೇ ಚೀಲಕ್ಕೆ ತುಂಬುವ ನಮ್ಮ ಕಾರುಪ್ರಿಯರಲ್ಲಿ ವಿಜ್ಞಾಪನೆ ಇಷ್ಟೆ: ಯಾರಾದರೂ ಎದೆಯುಬ್ಬಿಸಿ ಒಂದು ಸಂಖ್ಯೆ ಹೇಳಿದರೆ, ಯಾವ ಅಳತೆ, ಯಾವ ವರ್ಷ, ಯಾವ ದೇಶದ್ದು ಎಂದು ಕೇಳಿ. ಉತ್ತರ ಬರುವವರೆಗೆ ಆ ಕುದುರೆಗಳಿಗೆ ಹುಲ್ಲು ಹಾಕಬೇಡಿ.